ಹದಿಹರೆಯದ ಮನಸ್ಸು: ಅಸ್ಮಿತೆ, ಭಾವವಿಕಾಸ, ಮಾನಸಿಕ ಆರೋಗ್ಯ

ಬಾಲ್ಯ ಮುಗಿದು ಪ್ರೌಢತೆ ಇನ್ನೂ ಪೂರ್ಣವಾಗದ ವಯಸ್ಸೇ ಹದಿಹರೆಯ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಈ ಗುಂಪಿಗೆ ಸೇರಿಸುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಥವರು ಸುಮಾರು 25 ಕೋಟಿ. ದೇಹ ಮಾಗುವುದು, ಭಾವನೆಗಳನ್ನು ಹಿಡಿತಕ್ಕೆ ತಂದುಕೊಳ್ಳುವುದು, ‘ನಾನು ಯಾರು, ಮುಂದೆ ಏನಾಗಬೇಕು’ ಎಂಬುದನ್ನು ತೀರ್ಮಾನಿಸಿಕೊಳ್ಳುವುದು, ಈ ಮೂರೂ ಒಟ್ಟಿಗೇ ಮೇಲೆ ಬೀಳುವ ಕಾಲ ಇದು. ಮೂರನೆಯದಕ್ಕೆ ಮನೋವಿಜ್ಞಾನದಲ್ಲಿ ಅಸ್ಮಿತೆ ಎಂದು ಹೆಸರು. ಈ ಕುರಿತ ಸಂಶೋಧನೆಯ ಬಹುಪಾಲು ಅಮೆರಿಕ, ಯುರೋಪುಗಳ ನಗರಗಳಲ್ಲಿ ನಡೆದದ್ದು; ಕರ್ನಾಟಕದಲ್ಲಿ ನಡೆದದ್ದರ ಬಹುಪಾಲು ಬೆಂಗಳೂರು, ಮೈಸೂರು, ಧಾರವಾಡಗಳದ್ದು. ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ಊರುಗಳನ್ನು ಎದುರಿಗಿಟ್ಟುಕೊಂಡು ಓದಿದಾಗ ಅದರಲ್ಲಿ ಯಾವುದು ಇಲ್ಲಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದು ತಿಳಿಯಾಗುತ್ತದೆ.

ಒಂದು ವಯಸ್ಸು ಉದ್ದವಾದ ಬಗೆ

ಶಿರಹಟ್ಟಿ ಸ್ವಾತಂತ್ರ್ಯದವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜಿಗೆ. ಆಮೇಲೆ ಎರಡೂ ಧಾರವಾಡ ಜಿಲ್ಲೆಯ ಭಾಗವಾಗಿ, 1997ರಲ್ಲಿ ಹೊಸ ಗದಗ ಜಿಲ್ಲೆಗೆ ಬಂದವು. ಮಳೆಯನ್ನೇ ನಂಬಿದ ಒಕ್ಕಲುತನ, ಕಪ್ಪತಗುಡ್ಡದ ಅಂಚಿನ ಲಂಬಾಣಿ ತಾಂಡಾಗಳು, ವಾರದ ಸಂತೆ, ಇಂಥ ಬದುಕಿನಲ್ಲಿ ಎರಡು ತಲೆಮಾರಿನ ಹಿಂದೆ ಹದಿಹರೆಯಕ್ಕೆ ಹೆಚ್ಚು ಜಾಗವಿರಲಿಲ್ಲ. ಹುಡುಗಿ ‘ದೊಡ್ಡಾಕಿ’ಯಾದಳೆಂದರೆ ಆರತಿ ಬೆಳಗಿ ಸೋಬಾನ ಹಾಡುವುದು, ಅದರ ಬೆನ್ನಿಗೇ ಮದುವೆಯ ಮಾತು. ಹುಡುಗ ಮೀಸೆ ಮೂಡುವ ಮೊದಲೇ ರಂಟೆ, ಕುಂಟೆ ಹಿಡಿದಿರುತ್ತಿದ್ದ. ಬಡೋದೆಯ ಮನೋವಿಜ್ಞಾನಿ ಟಿ.ಎಸ್. ಸರಸ್ವತಿ 1999ರ ಒಂದು ಪ್ರಬಂಧದಲ್ಲಿ ಭಾರತದಲ್ಲಿ ಹದಿಹರೆಯ ಎಂಬುದು ಮಿಥ್ಯೆಯೇ ಅಥವಾ ಈಗಷ್ಟೇ ರೂಪುಗೊಳ್ಳುತ್ತಿರುವ ವಾಸ್ತವವೇ ಎಂದು ಕೇಳಿದ್ದು ಇದೇ ಕಾರಣಕ್ಕೆ. ಬಾಲ್ಯದ ಕೆಲಸಗಳಿಗೂ ದೊಡ್ಡವರ ಕೆಲಸಗಳಿಗೂ ನಡುವೆ ಅಂತರ ಕಡಿಮೆಯಿದ್ದಷ್ಟೂ ಹದಿಹರೆಯ ಪ್ರತ್ಯೇಕ ಅವಸ್ಥೆಯಾಗಿ ಕಾಣುವುದಿಲ್ಲ ಎಂಬುದು ಅವರ ವಾದ. ಮೇಲುವರ್ಗದ ನಗರದ ಹುಡುಗನಿಗೆ ಆ ಅವಸ್ಥೆ ಉದ್ದ, ಬಡಮನೆಯ ಹುಡುಗಿಗೆ ತೀರ ಗಿಡ್ಡ.

ಈ ಅಂತರವನ್ನು ಕರ್ನಾಟಕದಲ್ಲಿ ಹಿಗ್ಗಿಸಿದ್ದು ಮುಖ್ಯವಾಗಿ ಪ್ರೌಢಶಾಲೆ. ಭಾಗ್ಯಲಕ್ಷ್ಮಿ ಯೋಜನೆ 2006ರಲ್ಲಿ ಬಂತು. ಹುಡುಗಿಗೆ 18 ತುಂಬುವ ತನಕ ಮದುವೆ ಮಾಡಬಾರದೆಂಬುದು ಅದರ ಶರತ್ತು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ್ದೂ ಆ ಹೊತ್ತಿಗೇ. ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧುಗೊಳಿಸುವ ತಿದ್ದುಪಡಿಯನ್ನು ರಾಜ್ಯ 2016ರಲ್ಲಿ ತಂದಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಹಳ್ಳಿಯಿಂದ ಪಿಯು ಕಾಲೇಜಿಗೆ ಹೋಗಿಬರಲು ಬಸ್ಸಿನ ಖರ್ಚು ಅಡ್ಡಿಯಾಗಿ ಉಳಿದಿಲ್ಲ. ಹಾಗೆಂದು ಹಳೆಯ ರೂಢಿ ಅಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20-24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಅದರ ಹಿಂದಿನ ಸಮೀಕ್ಷೆಗಿಂತ ಇದು ಇಳಿದದ್ದು ಇಲ್ಲವೆಂಬಷ್ಟು ಕಡಿಮೆ.

ಅಸ್ಮಿತೆಯ ಸಿದ್ಧಾಂತಗಳು

ಹದಿಹರೆಯದ ವೈಜ್ಞಾನಿಕ ಅಧ್ಯಯನ ಶುರುವಾದದ್ದು ಅಮೆರಿಕದ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಿಂದ. ಈ ವಯಸ್ಸು ಸ್ವಭಾವದಿಂದಲೇ ಕೋಲಾಹಲದ್ದು, ಎಲ್ಲ ಮಕ್ಕಳೂ ಅದನ್ನು ಹಾದೇ ಬರಬೇಕು ಎಂದು ಹಾಲ್ ನಂಬಿದ್ದರು. 1928ರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗಿಯರನ್ನು ಕುರಿತು ಬರೆದು, ಅಂಥ ಕೋಲಾಹಲ ಅಲ್ಲಿಲ್ಲ, ಆದ್ದರಿಂದ ಅದು ದೇಹದ್ದಲ್ಲ, ಸಮಾಜದ್ದು ಎಂದರು. 1983ರಲ್ಲಿ ಡೆರೆಕ್ ಫ್ರೀಮನ್ ಆ ಪುಸ್ತಕದ ಆಧಾರಗಳನ್ನೇ ಅಲ್ಲಗಳೆದರು. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದರೂ ಹಾಲ್ ಹೇಳಿದಷ್ಟು ಬಿರುಗಾಳಿ ಎಲ್ಲರಲ್ಲೂ ಏಳುವುದಿಲ್ಲ ಎಂಬುದನ್ನು ಇಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಅಸ್ಮಿತೆಯನ್ನು ಹದಿಹರೆಯದ ಕೇಂದ್ರ ಪ್ರಶ್ನೆಯನ್ನಾಗಿ ಮಾಡಿದವರು ಎರಿಕ್ ಎರಿಕ್‌ಸನ್. ತನ್ನ ಹೆತ್ತ ತಂದೆ ಯಾರೆಂದು ತಿಳಿಯದೆ ಬೆಳೆದು, ಅಮೆರಿಕದ ಪ್ರಜೆಯಾಗುವಾಗ ಹೊಸ ಅಡ್ಡಹೆಸರು ಇಟ್ಟುಕೊಂಡ ಮನುಷ್ಯನಿಗೆ ಆ ಪ್ರಶ್ನೆ ಬರಿಯ ಶಾಸ್ತ್ರದ್ದಾಗಿರಲಿಲ್ಲ. 1950 ಮತ್ತು 1968ರ ಪುಸ್ತಕಗಳಲ್ಲಿ ಅವರು ಹೇಳಿದ್ದರ ಸಾರ: ಈ ವಯಸ್ಸಿನವರಿಗೆ ಬೇರೆ ಬೇರೆ ಪಾತ್ರಗಳನ್ನು ತೊಟ್ಟು ನೋಡಲು ಸಮಾಜ ಒಂದಿಷ್ಟು ಬಿಡುವು ಕೊಡಬೇಕು, ಹಾಗೆ ತೊಟ್ಟು ಬಿಚ್ಚಿದ ಮೇಲೆ ಉಳಿಯುವುದನ್ನು ಸುತ್ತಲಿನವರು ‘ಹೌದು, ನೀನು ಇದೇ’ ಎಂದು ಒಪ್ಪಬೇಕು. ಎರಡನೆಯ ಮಾತನ್ನು ಅನೇಕರು ಮರೆಯುತ್ತಾರೆ. 1966ರಲ್ಲಿ ಜೇಮ್ಸ್ ಮಾರ್ಸಿಯಾ ಇದನ್ನು ಅಳೆಯಲು ಬರುವಂತೆ ನಾಲ್ಕು ಸ್ಥಿತಿಗಳಾಗಿ ವಿಂಗಡಿಸಿದರು: ಹುಡುಕಿ ತೀರ್ಮಾನಿಸಿದವರು, ಇನ್ನೂ ಹುಡುಕುತ್ತಿರುವವರು, ಹುಡುಕದೆಯೇ ಹಿರಿಯರು ಕೊಟ್ಟದ್ದನ್ನು ಒಪ್ಪಿದವರು, ಹುಡುಕಾಟವನ್ನೂ ಮಾಡದೆ ತೀರ್ಮಾನವನ್ನೂ ತಳೆಯದೆ ಇರುವವರು. ಮಾರ್ಸಿಯಾರ ಲೆಕ್ಕದಲ್ಲಿ ಮೊದಲನೆಯದು ಮೇಲು, ಮೂರನೆಯದು ಅಪಕ್ವ.

ಈ ಮೇಲುಕೀಳು ನಮ್ಮ ಕಡೆ ನಿಲ್ಲುವುದಿಲ್ಲ. ಸುಧೀರ್ ಕಕ್ಕರ್ 1978ರ ಪುಸ್ತಕದಲ್ಲಿ ಭಾರತೀಯರ ಅಸ್ಮಿತೆ ಕುಟುಂಬದ ಬಂಧಗಳೊಳಗೇ ಬೆಳೆಯುತ್ತದೆ, ಅದನ್ನು ಬಿಡಿಸಿ ನೋಡಿದರೆ ಅರ್ಥವಾಗದು ಎಂದು ತೋರಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ಆ ಆಶ್ರಮಕ್ಕೆ ಕಣ್ಣಿಲ್ಲದ, ಬಡತನದ ಮಕ್ಕಳು ಚಿಕ್ಕಂದಿನಲ್ಲೇ ಬಂದು ಸಂಗೀತಗಾರರಾಗಿ ಹೊರಬಂದರು. ಮಾರ್ಸಿಯಾರ ಅಳತೆಗೋಲಿನಲ್ಲಿ ಇವರೆಲ್ಲ ಹುಡುಕದೆ ಒಪ್ಪಿದವರು. ಆದರೆ ಆ ಒಪ್ಪಿಗೆಯೇ ಅವರಿಗೆ ಹೆಸರು, ಅನ್ನ, ಸಮಾಜದಲ್ಲಿ ಒಂದು ಸ್ಥಾನ ಎಲ್ಲವನ್ನೂ ಕೊಟ್ಟಿತು.

ಹುಡುಕಿ ಹೊರಟವರೂ ಇದೇ ಜಿಲ್ಲೆಯಲ್ಲಿದ್ದಾರೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ, ಶಾಲಾಮಾಸ್ತರರ ಮಗ, 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ರೈಲು ಹತ್ತಿದರು. ಗ್ವಾಲಿಯರ್, ರಾಮಪುರ, ಕಲ್ಕತ್ತ ಎಂದು ಅಲೆದು, ಕೊನೆಗೆ ಜಲಂಧರಿನಲ್ಲಿ ತಂದೆಯ ಕೈಗೆ ಸಿಕ್ಕರು. ಮರಳಿ ಬಂದ ಹುಡುಗನನ್ನು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ತೆಗೆದುಕೊಂಡರು. ಎರಿಕ್‌ಸನ್ನರು ಹೇಳುವ ‘ಬಿಡುವು’ ಇಲ್ಲಿದೆ. ಹಾಗೆಯೇ ಅದಕ್ಕೆ ತೆರೆ ಬಿದ್ದದ್ದು ಮನೆಯನ್ನು ಧಿಕ್ಕರಿಸಿದ್ದರಿಂದಲ್ಲ, ಮನೆ ಸೋತು ಒಪ್ಪಿದ್ದರಿಂದ ಎಂಬುದೂ ಇದೆ. ನಮ್ಮ ಸೀಮೆಯ ಹದಿಹರೆಯವನ್ನು ಅಳೆಯುವವರು ಮಗುವಿನ ತೀರ್ಮಾನವನ್ನು ಕೇಳುವಂತೆಯೇ ಮನೆಯವರ ಒಪ್ಪಿಗೆಯನ್ನೂ ಕೇಳಬೇಕು.

ಒಪ್ಪಿಗೆ ಸಿಗದವರ ಕಥೆ ಬೇರೆ. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಹುಡುಗನಾಗಿ ಹುಟ್ಟಿ, 15ರ ಸುಮಾರಿಗೆ ತಾನು ಹೆಣ್ಣೆಂದು ಗುರುತಿಸಿಕೊಂಡವರು. ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಮನೆ ಅವರನ್ನು ಉಳಿಸಿಕೊಳ್ಳಲಿಲ್ಲ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದನ್ನೂ ಭಿಕ್ಷೆ ಬೇಡಿದ್ದನ್ನೂ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಜೋಗತಿ ನೃತ್ಯ ಕೈಹಿಡಿದ ಮೇಲೆ ಬದುಕು ನಿಂತಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಉತ್ತರ ಕರ್ನಾಟಕದ ಜೋಗಪ್ಪ ಪರಂಪರೆ ಇಂಥ ಮಕ್ಕಳಿಗೆ ದೇವರ ಹೆಸರಿನಲ್ಲಿ ಒಂದು ಸ್ಥಾನವನ್ನು ಕೊಡುತ್ತ ಬಂದಿದೆ, ಅದರ ಬೆಲೆಯಾಗಿ ಮನೆಯನ್ನು ಕಿತ್ತುಕೊಳ್ಳುತ್ತಲೂ ಬಂದಿದೆ.

ಕರ್ನಾಟಕದ ಸಂಶೋಧನಾ ನೆಲೆಗಳು

ಕಲ್ಕತ್ತದ ನಂತರ ಭಾರತದಲ್ಲಿ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ತೆರೆದ ಮೊದಲ ವಿಶ್ವವಿದ್ಯಾಲಯಗಳಲ್ಲಿ ಮೈಸೂರು ಒಂದು. 1924ರಲ್ಲಿ ಶುರುವಾದ ಆ ವಿಭಾಗವನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ಪಶ್ಚಿಮದ ಬುದ್ಧಿಶಕ್ತಿ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸಿದವರು ಅವರೇ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮಕ್ಕಳ ಮನಸ್ಸಿನ ಅಧ್ಯಯನದಲ್ಲಿ ಅಲ್ಲಿನ ಮಾಳವಿಕಾ ಕಪೂರ್ ಮತ್ತು ಶೋಭಾ ಶ್ರೀನಾಥ್ ಅವರ ಕೆಲಸ ದೊಡ್ಡದು. ಹಳ್ಳಿಗೇ ಹೋಗಿ ಮನೆಮನೆಯಲ್ಲಿ ಕೂತು ಮನಸ್ಸಿನ ಆರೋಗ್ಯ ವಿಚಾರಿಸುವ ಪದ್ಧತಿಗೆ ಇಲ್ಲಿ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಪುಸ್ತಕವಾಗಿ ತಂದ ಅಧ್ಯಯನ. ಆದರೆ ಅದು ದೊಡ್ಡವರನ್ನು ಕುರಿತದ್ದು.

ಶಿರಹಟ್ಟಿಗೆ ಹತ್ತಿರದ ನೆಲೆ ಧಾರವಾಡ. ಅಲ್ಲಿನ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್. ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದ ಜೊತೆಗೆ, ಹೊರಗಿನವರು ಊಹಿಸದ ಇನ್ನೊಂದು ಕಡೆ ಹದಿಹರೆಯದ ಸಂಶೋಧನೆ ವರ್ಷವರ್ಷವೂ ನಡೆದುಬಂದಿದೆ: ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜು. ಹುಡುಗ-ಹುಡುಗಿಯರ ಆತ್ಮಗೌರವ, ಭಾವನಾತ್ಮಕ ಹೊಂದಾಣಿಕೆ, ತಾಯಿತಂದೆಯರ ಸಂಬಂಧ ಕುರಿತ ಅಲ್ಲಿನ ಪ್ರಬಂಧಗಳು ವಿಶ್ವವಿದ್ಯಾಲಯದ ಕೃಷಿ ನಿಯತಕಾಲಿಕೆಯಲ್ಲಿ ಜೋಳ, ಹತ್ತಿ, ಶೇಂಗಾ ಕುರಿತ ಲೇಖನಗಳ ನಡುವೆ ಅಚ್ಚಾಗಿವೆ. ಹಳ್ಳಿಯ ಮಕ್ಕಳನ್ನೂ ಪಟ್ಟಣದ ಮಕ್ಕಳನ್ನೂ ಹೋಲಿಸಿ ನೋಡಿದ್ದು ಈ ಕೆಲಸದ ಬೆಲೆ. ಕೊರತೆಯೂ ಎದ್ದು ಕಾಣುತ್ತದೆ. ಪ್ರೌಢಶಾಲೆಯ ತರಗತಿಗೆ ಹೋಗಿ ಪ್ರಶ್ನಾವಳಿ ಹಂಚಿ, ಒಮ್ಮೆ ತುಂಬಿಸಿಕೊಂಡು ಬಂದು, ತಂದೆಯ ಓದು ಮತ್ತು ಆದಾಯದ ಜೊತೆ ಅಂಕ ತಾಳೆ ಹಾಕುವುದೇ ಹೆಚ್ಚು. ಅಸ್ಮಿತೆ ವರ್ಷಗಟ್ಟಲೆ ಬೆಳೆಯುವಂಥದ್ದು. ಅದೇ ಮಗುವನ್ನು 13ಕ್ಕೆ, 16ಕ್ಕೆ, 19ಕ್ಕೆ ಮತ್ತೆ ಮತ್ತೆ ಕಂಡಲ್ಲದೆ ಅದರ ದಾರಿ ತಿಳಿಯದು.

ಹಾಗೆ ಹಿಂಬಾಲಿಸಿದ ಅಪರೂಪದ ಉದಾಹರಣೆ ಮೈಸೂರಿನದು. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಹುಟ್ಟಿದ ಮಕ್ಕಳನ್ನು ಹದಿಹರೆಯ ದಾಟುವ ತನಕವೂ ಕರೆಸಿ ಪರೀಕ್ಷಿಸಿದರು. ಅವರು 13 ದಾಟಿದಾಗ ಕೆಲವರನ್ನು ಅಪರಿಚಿತ ಪರೀಕ್ಷಕರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ, ಬಾಯಿಲೆಕ್ಕ ಹೇಳಿಸಿ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎಷ್ಟು ಏರುತ್ತದೆಂದು ಅಳೆದರು. ತಾಯಿಯ ಗರ್ಭಕಾಲದ ಆರೋಗ್ಯಕ್ಕೂ ಮಗುವಿನ ಒತ್ತಡಕ್ಕೂ ನಂಟು ಹುಡುಕುವುದು ಆ ಅಧ್ಯಯನದ ಉದ್ದೇಶ.

ಭಾವವಿಕಾಸ

ಮಿದುಳಿನ ಚಿತ್ರಣದ ಅಧ್ಯಯನಗಳು 1990ರ ದಶಕದ ಕೊನೆಯಿಂದ ಒಂದು ಸಂಗತಿಯನ್ನು ಗಟ್ಟಿಮಾಡಿವೆ: ಆಸೆ, ಭಯ, ಮೆಚ್ಚುಗೆಗೆ ಸ್ಪಂದಿಸುವ ಮಿದುಳಿನ ಭಾಗಗಳು ಹದಿಹರೆಯದ ಆರಂಭದಲ್ಲೇ ಚುರುಕಾಗುತ್ತವೆ, ಯೋಚಿಸಿ ತಡೆಯುವ ಹಣೆಯ ಹಿಂದಿನ ಭಾಗ 20 ದಾಟಿದ ಮೇಲೂ ಮಾಗುತ್ತಲೇ ಇರುತ್ತದೆ. ಗೆಳೆಯರು ನೋಡುತ್ತಿದ್ದಾಗ ಅಪಾಯಕ್ಕೆ ಕೈಹಾಕುವ ಬುದ್ಧಿ ಹೆಚ್ಚುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ನಿದ್ದೆಯ ಹೊತ್ತೂ ತಡವಾಗುತ್ತದೆ. ಬೆಳಗ್ಗೆ ಎಬ್ಬಿಸಿದರೆ ಏಳದ ಮಗ ಸೋಮಾರಿಯೇ ಆಗಿರಬೇಕಿಲ್ಲ.

ಭಾರತಕ್ಕೆ ಹೆಚ್ಚು ಹತ್ತಿರದ್ದು ಚಂಡೀಗಢದಲ್ಲಿ ಸುಮನ್ ವರ್ಮಾ ಮತ್ತು ಅಮೆರಿಕದ ರೀಡ್ ಲಾರ್ಸನ್ ನಡೆಸಿದ ಅಧ್ಯಯನ. ಮಧ್ಯಮವರ್ಗದ ಎಂಟನೆಯ ತರಗತಿಯ ಮಕ್ಕಳಿಗೂ ಅವರ ತಾಯಿತಂದೆಯರಿಗೂ ದಿನದಲ್ಲಿ ಹಲವು ಬಾರಿ, ಮುನ್ಸೂಚನೆಯಿಲ್ಲದ ಹೊತ್ತಿಗೆ ಸದ್ದು ಮಾಡುವ ಸಾಧನ ಕೊಟ್ಟು, ಸದ್ದಾದ ಕೂಡಲೇ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಸಿದರು. ಅಮೆರಿಕದ ಮಕ್ಕಳು ಈ ವಯಸ್ಸಿನಲ್ಲಿ ಮನೆಯಿಂದ ದೂರ ಸರಿಯುತ್ತಾರೆ. ಇಲ್ಲಿನವರು ಸರಿಯಲಿಲ್ಲ, ಮನೆಯವರ ಜೊತೆಗಿದ್ದಾಗ ಅವರ ಮನಸ್ಸು ಹೆಚ್ಚಾಗಿ ಹಗುರವಾಗಿಯೇ ಇತ್ತು. ಮುಖ ಬಾಡುತ್ತಿದ್ದದ್ದು ಶಾಲೆಯ ಓದಿನ ಹೊತ್ತಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಇದಕ್ಕೆ ಬೇರೆ ಸಾಕ್ಷಿ ಬೇಡ. ಮಗುವಿನ ಬೆಲೆಯನ್ನು ಒಂದೇ ಅಂಕಪಟ್ಟಿ ತೀರ್ಮಾನಿಸಬಾರದೆಂಬ ಅರಿವು ಆಡಳಿತಕ್ಕೂ ಬಂದಂತಿದೆ: 2023-24ರಲ್ಲಿ ರಾಜ್ಯ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ತಂದು, ಅವುಗಳಲ್ಲಿ ಬಂದ ಉತ್ತಮ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು.

ಪ್ರೀತಿಯನ್ನು ಕುರಿತು ಇಲ್ಲಿನ ಸಂಶೋಧನೆ ಹೇಳುವುದಕ್ಕಿಂತ ನ್ಯಾಯಾಲಯಗಳೇ ಹೆಚ್ಚು ಹೇಳಿವೆ. 2012ರ ಪೋಕ್ಸೊ ಕಾಯ್ದೆಯಂತೆ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಓಡಿಹೋದ ಹುಡುಗ-ಹುಡುಗಿಯ ಪ್ರಕರಣ ಅತ್ಯಾಚಾರದ ಮೊಕದ್ದಮೆಯಾಗುತ್ತದೆ. ಇಂಥವು ಹೆಚ್ಚುತ್ತಿರುವುದನ್ನು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೇಳಿತು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕೆಂದೂ ಹೇಳಿತು. ವಯಸ್ಸು ಇಳಿಸುವುದು ಬೇಡ ಎಂದು ಆಯೋಗ 2023ರಲ್ಲಿ ವರದಿ ಕೊಟ್ಟಿತು. ಹದಿಹರೆಯದ ಅತ್ಯಂತ ಸಹಜವಾದ ಭಾವನೆಯನ್ನು ಮನೆಯಲ್ಲಿ ಮಾತಾಡುವಂತಿಲ್ಲ, ಶಾಲೆಯಲ್ಲಿ ಮಾತಾಡುವಂತಿಲ್ಲ. ಅದು ಮೊದಲು ಬಾಯಿಗೆ ಬರುವುದು ಪೊಲೀಸ್ ಠಾಣೆಯಲ್ಲಿ.

ಮಾನಸಿಕ ಆರೋಗ್ಯ: ಅಂಕಿಗಳು ಮತ್ತು ಅವುಗಳ ಹಿಂದೆ

ಅಮೆರಿಕದ 2005ರ ಒಂದು ದೊಡ್ಡ ಸಮೀಕ್ಷೆಯಂತೆ ಜೀವಮಾನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧ 14ರೊಳಗೆ, ಮುಕ್ಕಾಲು ಪಾಲು 24ರೊಳಗೆ ಶುರುವಾಗುತ್ತವೆ. ಅದೇ ವರ್ಷ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 16 ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಶೇ. 12.5 ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಹಳ್ಳಿ, ಪೇಟೆ, ಕೊಳೆಗೇರಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಈ ಲೇಖಕನಿಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ಅಂಕಿ: ಮಗುವಿಗೆ ಏನೋ ತೊಂದರೆಯಿದೆ ಎಂದು ಭಾವಿಸಿದ್ದ ಕುಟುಂಬಗಳು ಶೇ. 37.5 ಮಾತ್ರ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13-17ರ ವಯಸ್ಸಿನಲ್ಲಿ ಶೇ. 7.3 ಎಂದಿತು; ಮಹಾನಗರಗಳಲ್ಲಿ ಶೇ. 13.5, ಹಳ್ಳಿಗಳಲ್ಲಿ ಶೇ. 6.9. ಆ ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಭಾವಿ ಪ್ರಯೋಗ ಮಾತ್ರ ಕೋಲಾರದಲ್ಲಿ ನಡೆದಿತ್ತು. ಹಳ್ಳಿಯ ಅಂಕಿ ಕಡಿಮೆಯಿದೆ ಎಂದು ಸಮಾಧಾನಪಡುವ ಮೊದಲು ಹಳ್ಳಿಯ ಮಗು ತನ್ನ ಸಂಕಟವನ್ನು ಹೇಗೆ ಹೇಳುತ್ತದೆ ಎಂಬುದನ್ನು ನೋಡಬೇಕು.

ದುಃಖ, ಬೇಸರ, ಆಸಕ್ತಿ ಕಳೆದುಕೊಳ್ಳುವುದು, ಇವು ಪ್ರಶ್ನಾವಳಿಗಳ ಮಾತು. ಹಳ್ಳಿಯ ಹುಡುಗಿ ಹೇಳುವುದು ತಲೆಶೂಲೆ, ಹೊಟ್ಟೆನೋವು, ಕೈಕಾಲಲ್ಲಿ ಕಸುವಿಲ್ಲ ಎಂದು. ಕೆಲವರು ಶಾಲೆಯಲ್ಲೇ ಮೂರ್ಛೆ ಹೋಗುತ್ತಾರೆ, ಕೆಲವರ ಮೈಮೇಲೆ ಬರುತ್ತದೆ. ಒತ್ತಡ ಹೀಗೆ ದೇಹದ ಮೂಲಕ ಹೊರಬರುವ ತೊಂದರೆಗಳು ಭಾರತದ ಮಕ್ಕಳ ಮನೋಚಿಕಿತ್ಸಾಲಯಗಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಪಶ್ಚಿಮಕ್ಕಿಂತ ಹೆಚ್ಚು ಕಾಣುತ್ತವೆ. ಮನೆಯವರು ಮೊದಲು ಹೋಗುವುದು ಗುಡಿಗೆ, ದರ್ಗಾಕ್ಕೆ, ಮಠಕ್ಕೆ. ತಾಯಿತ ಕಟ್ಟಿಸಿ, ಆಮೇಲೆ ಊರಿನ ಡಾಕ್ಟರ ಹತ್ತಿರ ಸಲಾಯಿನ್ ಹಚ್ಚಿಸುತ್ತಾರೆ. ಗುಡಿಗೆ ಹೋದದ್ದರಿಂದ ಕೆಡುಕಾಗುವುದು ಕಡಿಮೆ. ಮಗುವನ್ನು ಯಾರೂ ಒಂಟಿಯಾಗಿ ಕೂರಿಸಿ ಏನಾಯಿತೆಂದು ಕೇಳದೆ ತಿಂಗಳುಗಟ್ಟಲೆ ಕಳೆಯುವುದೇ ಕೆಡುಕು.

ಹುಡುಗಿಯರ ವಿಷಯದಲ್ಲಿ ಗದಗಿಗೆ ಹತ್ತಿರದ ದೊಡ್ಡ ಪ್ರಯೋಗ ‘ಸಮತಾ’. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ-ಪಂಗಡಗಳ ಹುಡುಗಿಯರು ಪ್ರೌಢಶಾಲೆ ಮುಗಿಸಲಿ, ಬೇಗ ಮದುವೆಯಾಗದಿರಲಿ ಎಂದು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ 2014ರಿಂದ ಮೂರು ವರ್ಷ ಕೆಲಸ ಮಾಡಿತು. ಅರ್ಧ ಹಳ್ಳಿಗಳಲ್ಲಿ ಕಾರ್ಯಕ್ರಮ, ಉಳಿದರ್ಧ ಹೋಲಿಕೆಗೆ. ಒಟ್ಟಾರೆ ಫಲಿತಾಂಶ ನಿರಾಸೆಯದು: ಎರಡೂ ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಾರಣ ಮಾತ್ರ ಸಂತೋಷದ್ದು. ಎರಡೂ ಕಡೆ ಶಾಲೆ ಬಿಡುವುದು, ಬಾಲ್ಯವಿವಾಹ ಸಂಶೋಧಕರು ಎಣಿಸಿದ್ದಕ್ಕಿಂತ ಕಡಿಮೆಯಾಗಿದ್ದವು. ಕಾರ್ಯಕ್ರಮ ಬರುವ ಮೊದಲೇ ಕಾಲ ಬದಲಾಗತೊಡಗಿತ್ತು.

ಮೊಬೈಲ್ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಿಮ್ಹಾನ್ಸ್ 2014ರಲ್ಲೇ ಅದರ ಗೀಳು ಬಿಡಿಸಲೆಂದು ‘ಷಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾಯ್ದೆ 2025ರಲ್ಲಿ ನಿಷೇಧಿಸಿತು.

ಶಾಲೆಯಲ್ಲಿ ಯಾರು ಕೇಳಬೇಕು?

ಚಿಕಿತ್ಸೆಗಿಂತ ಮೊದಲು ಮಕ್ಕಳನ್ನು ಗಟ್ಟಿಮಾಡಬೇಕೆಂಬ ವಿಚಾರದಿಂದ ಬಂದದ್ದು ಜೀವನ ಕೌಶಲ ಶಿಕ್ಷಣ. ನಿಮ್ಹಾನ್ಸಿನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಸಿದ್ಧಪಡಿಸಿದ ಮಾದರಿಯಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ. ಪಾಠ ಹೇಳುವ ಬದಲು ಅವರು ಚರ್ಚೆ, ಆಟ, ಪಾತ್ರಾಭಿನಯಗಳ ಮೂಲಕ ಸಿಟ್ಟು, ಗೆಳೆಯರ ಒತ್ತಾಯ, ಮೈ ಬದಲಾಗುವುದು, ಮುಂದಿನ ಗುರಿ ಇವನ್ನು ಮಕ್ಕಳಿಂದಲೇ ಆಡಿಸಬೇಕು. ಒಂದು ವರ್ಷದ ಕೊನೆಗೆ ಎರಡು ಶಾಲೆಗಳ 605 ಮಕ್ಕಳನ್ನು ಕಾರ್ಯಕ್ರಮವಿಲ್ಲದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿ 2010ರಲ್ಲಿ ವರದಿ ಮಾಡಿದರು. ಆತ್ಮಗೌರವ, ಕಷ್ಟ ಎದುರಿಸುವ ಭರವಸೆ, ಶಿಕ್ಷಕರ ಜೊತೆಗಿನ ಹೊಂದಾಣಿಕೆ ಮೇಲಾಗಿದ್ದವು. ಮಾನಸಿಕ ತೊಂದರೆಗಳಲ್ಲಿ, ಮನೆಯಲ್ಲಿ, ಗೆಳೆಯರ ಜೊತೆಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸವಾಗಿರಲಿಲ್ಲ. ಗೆದ್ದದ್ದನ್ನೂ ಗೆಲ್ಲದ್ದನ್ನೂ ಒಟ್ಟಿಗೆ ಹೇಳಿದ ಪ್ರಾಮಾಣಿಕ ವರದಿ ಅದು. ಅನಂತರ ಇದನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡ ಅನೇಕ ಕಾರ್ಯಕ್ರಮಗಳು ಮೊದಲ ಅರ್ಧವನ್ನಷ್ಟೇ ಓದಿದವು.

ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳ ‘ಸೇಹರ್’ ಪ್ರಯೋಗ; ಫಲಿತಾಂಶ 2018ರಲ್ಲಿ ಬಂತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು, ಕೆಲವು ಕಡೆ ವಿಶೇಷ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು. ಸಲಹೆಗಾರರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಹೊಡೆದಾಟ ಪೀಡನೆಗಳೂ ಇಳಿದವು. ಶಿಕ್ಷಕರು ನಡೆಸಿದ ಕಡೆ ಏನೂ ಆಗಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಪ್ರೌಢಶಾಲೆಯ ಮಾಸ್ತರರಿಗೆ ಪಾಠ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಇವೆಲ್ಲದರ ಮೇಲೆ ತಾಲೂಕಿನ ಫಲಿತಾಂಶ ಏರಿಸುವ ಒತ್ತಡ. ಅದಲ್ಲದೆ ಮಗು ತನ್ನ ಗುಟ್ಟನ್ನು ಅಂಕ ಹಾಕುವವರ ಮುಂದೆ, ಸಂತೆಯಲ್ಲಿ ಅಪ್ಪನಿಗೆ ಎದುರಾಗುವವರ ಮುಂದೆ ಬಿಚ್ಚುವುದಿಲ್ಲ. ಶಿಕ್ಷಕರನ್ನು ದೂರುವ ಮಾತಲ್ಲ ಇದು. ಮೊರಾರ್ಜಿ ದೇಸಾಯಿ ವಸತಿಶಾಲೆ, ಬಿಸಿಎಂ ಹಾಸ್ಟೆಲುಗಳಲ್ಲಿ ಹದಿಹರೆಯದ ಮಕ್ಕಳು ವರ್ಷದ ಬಹುಪಾಲು ಕಳೆಯುತ್ತಾರೆ. ಅಲ್ಲಿ ವಾರ್ಡನ್ನರೇ ತಾಯಿ, ತಂದೆ, ಪೊಲೀಸು ಎಲ್ಲ. ಅಂಥ ಕಡೆ ಅಂಕಕ್ಕೂ ಶಿಸ್ತಿಗೂ ಸಂಬಂಧವಿಲ್ಲದ ಒಬ್ಬ ಕೇಳುಗ ಬೇಕೆಂಬುದೇ ಎರಡೂ ಅಧ್ಯಯನಗಳನ್ನು ಕೂಡಿಸಿ ಓದಿದಾಗ ಬರುವ ತೀರ್ಮಾನ.

ಶಾಲೆಯ ಹೊರಗಿನವರನ್ನು ಸಂಶೋಧನೆ ಹೆಚ್ಚಾಗಿ ಮುಟ್ಟಿಲ್ಲ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ ಗೋವಾ, ಮಂಗಳೂರಿನ ಕಡೆ ಗುಳೆ ಹೋಗುವ ಕುಟುಂಬಗಳ ಜೊತೆ ಹದಿನಾಲ್ಕು ಹದಿನೈದರ ಮಕ್ಕಳೂ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿದು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ತರಗತಿಯಲ್ಲಿ ಹಂಚಿದ ಪ್ರಶ್ನಾವಳಿ ಇವರ ಕೈಗೆ ಸಿಗುವುದಿಲ್ಲ. ಈ ಗುಂಪಿಗೆ ತುಸು ಹತ್ತಿರ ಬಂದದ್ದು ನಿಮ್ಹಾನ್ಸ್ ಮತ್ತು ರಾಜ್ಯದ ಯುವಸಬಲೀಕರಣ ಇಲಾಖೆ ಕೂಡಿ 2014-15ರಲ್ಲಿ ಶುರುಮಾಡಿದ ‘ಯುವ ಸ್ಪಂದನ’. ಆಸ್ಪತ್ರೆಯ ಬದಲು ಜಿಲ್ಲಾ ಕ್ರೀಡಾಂಗಣದಲ್ಲಿ ಕೇಂದ್ರ, ಬಿಳಿಕೋಟಿನ ಬದಲು ‘ಯುವ ಪರಿವರ್ತಕ’ರೆಂಬ ತರಬೇತಿ ಪಡೆದ ಯುವಕ-ಯುವತಿಯರು. ಸ್ಟೇಡಿಯಮ್ಮಿಗೆ ಹೋದವನನ್ನು ಹುಚ್ಚನೆಂದು ಯಾರೂ ಕರೆಯುವುದಿಲ್ಲ. ಆ ಜಾಗದ ಆಯ್ಕೆಯಲ್ಲೇ ಜಾಣತನವಿದೆ.

ಸೇವೆಗಳು

ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ (1996) ಮಾದರಿಯಾದದ್ದು ಗದಗಿಗೆ ಹತ್ತಿರದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆ ಗುರುತಿಸಲು ಕಲಿಸುವುದು ಅದರ ಬುಡ. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರ ಸೇವೆ ಸಿಗುವ ಏರ್ಪಾಟಿದೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳಿವೆ. ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಪೊಲೀಸ್ ಕೇಸಿಗೆ ಹೆದರಿ ಮಗುವನ್ನು ಆಸ್ಪತ್ರೆಗೆ ತರಲು ಹಿಂದೆಗೆಯುವ ಮನೆಯವರಿಗೆ ಇದನ್ನು ತಿಳಿಸಿ ಹೇಳಬೇಕು.

2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ-ಮಾನಸ್’ ಸೇವೆಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ಮಗುವಿನ ಬಗ್ಗೆ ಚಿಂತೆಯಿರುವ ಅವ್ವ, ಅಪ್ಪ, ಅಕ್ಕೋರು, ಮಾಸ್ತರರೂ ಮಾಡಬಹುದು.